ಪಾಳಿಗೊಂದು ಸಾಕ್ಷ್ಯ: ಎತ್ತುಯಂತ್ರಗಳ ತಪಾಸಣೆಯ ದಾಖಲೆಯನ್ನು ಕುರಿತು

ಕಡೂರು, ತರೀಕೆರೆ, ಅಜ್ಜಂಪುರಗಳ ಇತಿಹಾಸವೆಂದೊಡನೆ ನಮ್ಮ ದೃಷ್ಟಿ ಶಾಸನಗಳತ್ತ ಹರಿಯುತ್ತದೆ. ಬಿ. ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ 6ನೆಯ ಸಂಪುಟ ಅಂದಿನ ಕಡೂರು ಜಿಲ್ಲೆಗೇ ಮೀಸಲಾದುದು. ಇದು ಉಚಿತವೇ ಸರಿ. ಆದರೆ ಭಾರವನ್ನು ಎತ್ತಿ ಇಳಿಸಿದವರ ಚರಿತ್ರೆಯೂ ಈ ಸೀಮೆಗೆ ಉಂಟು. ಅದರ ಆಧಾರಗಳನ್ನು ನಾವು ಆಧಾರಗಳೆಂದೇ ಎಣಿಸಿದವರಲ್ಲ.

ಬಯಲುಸೀಮೆಯ ಕಪಿಲೆಯಲ್ಲಿ ಹಗ್ಗ ಹರಿದರೆ ನಷ್ಟವಾಗುತ್ತಿದ್ದುದು ನೀರು ಮಾತ್ರವಲ್ಲ, ಇಳಿಜಾರಿನಲ್ಲಿ ಎಳೆಯುತ್ತಿದ್ದ ಎತ್ತುಗಳಿಗೂ ಆಳಿಗೂ ಅಪಾಯ. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರು, 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗಾಗಿ, ತಂತಿಹಗ್ಗದ ಮಾರ್ಗದಲ್ಲಿ ಬೆಟ್ಟವಿಳಿಯಿತು. ನಮ್ಮ ಕಾಲದಲ್ಲಿ ಭದ್ರಾ ಮೇಲ್ದಂಡೆ ಯೋಜನೆ ನೀರನ್ನು ಮೇಲೆತ್ತಿ ಅಜ್ಜಂಪುರದ ಸುರಂಗಕ್ಕೆ ಹಾಯಿಸಲು ಹೊರಟಿತು. ಸಾಧನ ಬದಲಾಯಿತು, ಹಗ್ಗವನ್ನು ನಂಬಿ ಅದರ ಬಳಿ ನಿಲ್ಲುವ ಮನುಷ್ಯನ ಸ್ಥಿತಿ ಬದಲಾಗಲಿಲ್ಲ.

ಈ ಮನುಷ್ಯನನ್ನು ಕಾನೂನು ಹೇಗೆ ಕಂಡಿತು? 1948ರ ಕಾರ್ಖಾನೆ ಕಾಯಿದೆಯ 28ನೆಯ ಕಲಮು ಹಾಯ್ಸ್ಟು ಮತ್ತು ಲಿಫ್ಟುಗಳನ್ನು ಆರು ತಿಂಗಳಿಗೊಮ್ಮೆಯಾದರೂ, 29ನೆಯದು ಎತ್ತುಯಂತ್ರ, ಸರಪಳಿ, ಹಗ್ಗಗಳನ್ನು ವರ್ಷಕ್ಕೊಮ್ಮೆಯಾದರೂ ಅರ್ಹ ವ್ಯಕ್ತಿಯಿಂದ ಪರೀಕ್ಷಿಸತಕ್ಕದ್ದೆಂದು ವಿಧಿಸಿತ್ತು. ಇದು ಅವಶ್ಯವಾದ ವಿಧಿ. ಒಳಗಿನ ಸವೆತ ನಿತ್ಯದ ನೋಟಕ್ಕೆ ಸಿಕ್ಕುವುದಿಲ್ಲ. ಆದರೆ ನಿನ್ನೆ ಸಂಜೆ ಬಾಗಿದ ಕೊಕ್ಕೆ ಮುಂದಿನ ವಾರ್ಷಿಕ ಪರೀಕ್ಷೆಯವರೆಗೆ ಕಾಯುವುದಿಲ್ಲ. ಈ ಕಲಮುಗಳಲ್ಲಿ ಪಾಳಿಯ ಹೊತ್ತಿನ ಕರ್ತವ್ಯವೆಲ್ಲವೂ ‘ಸರಿಯಾಗಿ ನಿರ್ವಹಿಸತಕ್ಕದ್ದು’ ಎಂಬ ಸಾಮಾನ್ಯ ಮಾತಿನಲ್ಲಿ ಅಡಗಿಹೋಗಿದೆ. ಮಾತು ಸಾಮಾನ್ಯವಾದಷ್ಟೂ ಹೊಣೆ ಯಾರದೆಂಬುದು ಮಸುಕಾಗುತ್ತದೆ.

ಕರ್ತವ್ಯವಾದರೋ ಸ್ಪಷ್ಟವಾದದ್ದು. ತಂತಿಹಗ್ಗದಲ್ಲಿ ಕಡಿದ ಎಳೆ, ತಿರುಚು, ತುಕ್ಕು ಇವೆಯೇ? ಕೊಕ್ಕೆಯ ಬಾಯಿ ಅಗಲಿಸಿದೆಯೇ, ಅದರ ಅಗುಳಿ ಮುಚ್ಚುತ್ತದೆಯೇ? ಮೇಲಿನ ಮಿತಿಯಲ್ಲಿ ಯಂತ್ರ ತಾನೇ ನಿಲ್ಲುತ್ತದೆಯೇ? ಭಾರವನ್ನು ನೆಲದಿಂದ ತುಸು ಎತ್ತಿದಾಗ ಬ್ರೇಕು ಹಿಡಿಯುತ್ತದೆಯೇ? ಎತ್ತಬಹುದಾದ ಭಾರದ ಮಿತಿ ಓದುವಂತೆ ಬರೆದಿದೆಯೇ? ಇದಕ್ಕೆ ಹಿಡಿಯುವುದು ಕೆಲವೇ ನಿಮಿಷ.

ಇದನ್ನು ಪುಸ್ತಕದಲ್ಲಿ ಬರೆದಿಟ್ಟರೆ ಸಾಕೆ? ಇಲ್ಲಿ ಇತಿಹಾಸದ ವಿದ್ಯಾರ್ಥಿಯ ಶಿಕ್ಷಣ ಉಪಯೋಗಕ್ಕೆ ಬರುತ್ತದೆ. ಗಂಗರ ತಾಮ್ರಪಟಗಳ ವಿಷಯದಲ್ಲಿ ರೈಸ್ ಮತ್ತು ಫ್ಲೀಟ್ ವಿದ್ವಾಂಸರಿಗೆ ನಡೆದ ವಾದವು, ದಾಖಲೆ ಇದೆಯೆಂದ ಮಾತ್ರಕ್ಕೆ ಅದು ಸತ್ಯವಲ್ಲವೆಂಬುದನ್ನು ನಮಗೆ ಕಲಿಸಿದೆ. ತಿಂಗಳುಗಟ್ಟಲೆ ಒಂದೇ ಮಸಿಯಲ್ಲಿ, ಒಂದೇ ಕೈಯಲ್ಲಿ ‘ಸರಿಯಿದೆ’ ಎಂದು ಬರೆದ ಪುಸ್ತಕ ಯಂತ್ರದ ಆರೋಗ್ಯಕ್ಕೆ ಸಾಕ್ಷಿಯಲ್ಲ. ಯಾರೂ ಯಂತ್ರದ ಬಳಿಗೆ ಹೋಗಿಲ್ಲವೆಂಬ ಶಂಕೆಗೆ ಅದು ಕಾರಣ. ‘ಎಳೆ ಕಡಿದಿದೆ, ಯಂತ್ರ ನಿಲ್ಲಿಸಿದೆ’ ಎಂಬ ಒಂದು ಒರಟು ಸಾಲು ಅದಕ್ಕಿಂತ ಹೆಚ್ಚು ಪ್ರಾಮಾಣಿಕವಾದುದು. ಹಾಗೆ ಬರೆದವನಿಗೆ ಅಂದಿನ ಕೂಲಿ ತಪ್ಪದಂತಿದ್ದರೆ ಮಾತ್ರ ಅಂಥ ಸಾಲು ಹುಟ್ಟೀತು ಎಂಬುದನ್ನೂ ಮರೆಯಲಾಗದು.

ಆದುದರಿಂದ, ಈ ಪ್ರದೇಶದ ಆಧುನಿಕ ಚರಿತ್ರೆಯನ್ನು ಬರೆಯಹೊರಡುವವರು ಸ್ಥಾಪಕರ ಹೆಸರು, ಉದ್ಘಾಟನೆಯ ದಿನಾಂಕಗಳಲ್ಲಿಯೇ ನಿಲ್ಲದೆ, ಪಾಳಿಯ ಪುಸ್ತಕಗಳು ದೊರೆತಲ್ಲೆಲ್ಲ ಅವನ್ನು ಶಾಸನಗಳಷ್ಟೇ ಎಚ್ಚರದಿಂದ ಓದಬೇಕೆಂದು ನಮ್ಮ ಅಭಿಪ್ರಾಯ. ಶಾಸನವನ್ನು ತಪ್ಪಾಗಿ ಓದಿದರೆ ಒಬ್ಬ ಅರಸನ ಕಾಲ ಹಿಂದುಮುಂದಾದೀತು. ಈ ಪುಸ್ತಕವನ್ನು ಸುಳ್ಳಾಗಿ ಬರೆದರೆ ಕೆಳಗೆ ನಿಂತವನ ಆಯುಸ್ಸೇ ಮುಗಿದೀತು.