ಹೆಸರುಗಳ ಕಲ್ಲು, ನೀರಿನ ಋಣ

ಸತ್ತವರ ನೆನಪು ಬದುಕಿರುವವರನ್ನು ಹತ್ತಿರ ತರುತ್ತದೆ ಎಂಬ ಮಾತನ್ನು ನಾವು ಸಲೀಸಾಗಿ ಆಡುತ್ತೇವೆ. ಅದು ಯಾವಾಗ ನಿಜ, ಯಾವಾಗ ಬರಿಯ ಸಭೆಯ ಮಾತು ಎಂದು ಪರೀಕ್ಷಿಸುವುದಕ್ಕೆ ಓಕಿನಾವಾ ದ್ವೀಪದಷ್ಟು ತಕ್ಕ ಉದಾಹರಣೆ ನನಗೆ ಬೇರೆ ಕಂಡಿಲ್ಲ. ಅಲ್ಲಿನ ಒಂದು ಸ್ಮಾರಕ, ಒಂದು ಸಣ್ಣ ಕಥೆ, ಕಡಲಾಚೆ ನೆಲೆಸಿದ ಓಕಿನಾವಾದವರು ಊರಿಗೆ ಕಳಿಸಿದ ಒಂದು ಕೊಡುಗೆ, ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಇಲ್ಲಿ ಓದಲು ಯತ್ನಿಸಿದ್ದೇನೆ.

ಓಕಿನಾವಾ ಒಂದು ಕಾಲಕ್ಕೆ ರ್ಯುಕ್ಯು ಎಂಬ ಸ್ವತಂತ್ರ ರಾಜ್ಯ. 1879ರಲ್ಲಿ ಜಪಾನ್ ಅದನ್ನು ತನ್ನ ಪ್ರಾಂತವಾಗಿ ಮಾಡಿಕೊಂಡಿತು. ಶಾಲೆಯಲ್ಲಿ ಮನೆಮಾತಾಡಿದ ಮಕ್ಕಳ ಕೊರಳಿಗೆ ಶಿಕ್ಷೆಯ ಹಲಗೆ ನೇತುಹಾಕುವ ಪದ್ಧತಿ ಬಂತು. ಬಡತನ ಜನರನ್ನು ಹೊರಗೆ ದೂಡಿತು. 1900ರಲ್ಲಿ ಮೊದಲ ತಂಡ ಹವಾಯಿಯ ಕಬ್ಬಿನ ತೋಟಗಳನ್ನು ಸೇರಿತು. 1908ರಲ್ಲಿ ಬ್ರೆಜಿಲಿಗೆ ಹೋದ ಮೊದಲ ಜಪಾನೀ ವಲಸಿಗರ ಹಡಗಿನಲ್ಲೂ ಇವರ ದೊಡ್ಡ ಪಾಲಿತ್ತು. ಮುಂದೆ 1945ರ ವಸಂತದಲ್ಲಿ ಅಮೆರಿಕದ ಸೈನ್ಯ ದ್ವೀಪದ ಮೇಲೆ ಇಳಿಯಿತು. ಮೂರು ತಿಂಗಳ ಆ ಕಾಳಗದಲ್ಲಿ ದ್ವೀಪದ ಸುಮಾರು ಕಾಲುಭಾಗ ಜನ ಸತ್ತರೆಂದು ಲೆಕ್ಕ.

ಕಾಳಗ ಮುಗಿದ ಮಬುನಿಯ ಬೆಟ್ಟದಲ್ಲಿ 1995ರ ಜೂನ್ 23ರಂದು ಅನಾವರಣಗೊಂಡ ಸ್ಮಾರಕದ ಹೆಸರನ್ನು 'ಶಾಂತಿಯ ತಳಗಲ್ಲು' ಎಂದು ಕನ್ನಡಿಸಬಹುದು. ಕರಿಯ ಕಲ್ಲಿನ ಸಾಲುಗಳಲ್ಲಿ ಇಂದು 2,42,000ಕ್ಕೂ ಹೆಚ್ಚು ಹೆಸರುಗಳಿವೆ. ಪ್ರತಿವರ್ಷ ಹೊಸದಾಗಿ ಸಿಕ್ಕಿದ ಹೆಸರುಗಳನ್ನು ಸೇರಿಸುತ್ತಾರೆ. ಓಕಿನಾವಾದವರು, ಜಪಾನೀಯರು, ಕೊಲ್ಲಲು ಬಂದು ಸತ್ತ ಅಮೆರಿಕನ್ನರು, ಹೊರೆಯಾಳುಗಳಾಗಿ ಎಳೆದು ತರಲ್ಪಟ್ಟ ಕೊರಿಯನ್ನರು, ಎಲ್ಲರೂ ಒಂದೇ ಅಂಗಳದಲ್ಲಿ. ನಮ್ಮ ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಮಬುನಿಯಲ್ಲಿ ಸ್ವರ್ಗದ ಪಟ್ಟಿಕೆಯೇ ಇಲ್ಲ, ವೀರನೂ ಇಲ್ಲ. ಊರು, ಕೇರಿ, ಮನೆತನ, ಹೆಸರು, ಅಷ್ಟೇ. ಹೆಸರಿಡುವ ಮೊದಲೇ ಸತ್ತ ಕೂಸಿಗೆ 'ಇಂಥವರ ಮಗು' ಎಂದು ಕೆತ್ತಿದ್ದಾರೆ. ನಾನು ಬಲ್ಲ ಸ್ಮಾರಕಗಳಲ್ಲಿ ಇದಕ್ಕಿಂತ ಸಂಯಮದ ಸಾಲು ಇನ್ನೊಂದಿಲ್ಲ.

ವಲಸಿಗರ ದೃಷ್ಟಿಯಿಂದಲೂ ಈ ಕಲ್ಲು ಉದಾರವಾದದ್ದು. ಓಕಿನಾವಾ ಮೂಲದವರು 1931ರಿಂದ ಆರಂಭವಾದ ಯುದ್ಧಗಳಲ್ಲಿ ಎಲ್ಲೇ ಸತ್ತಿರಲಿ, ಅವರ ಹೆಸರು ತಾಯೂರಿನ ಸಾಲಿನಲ್ಲಿ ನಿಲ್ಲುತ್ತದೆ. ಸೈಪಾನ್ ದ್ವೀಪಕ್ಕೆ ಕಬ್ಬು ಕಡಿಯಲು ಹೋಗಿ ಅಲ್ಲಿಯೇ ಯುದ್ಧಕ್ಕೆ ಸಿಕ್ಕಿ ಅಳಿದ ಸಂಸಾರಗಳು ಹೀಗೆ ಊರಿಗೆ ಮರಳಿದವು. ಬ್ರೆಜಿಲಿನಿಂದ ಬಂದ ಮೊಮ್ಮಗನೊಬ್ಬನು ಆ ಕಲ್ಲಿನ ಮೇಲೆ ಬೆರಳಾಡಿಸಿ ತನ್ನ ಮನೆತನವನ್ನು ಹುಡುಕಬಹುದು.

ಆದರೂ ವಿಮರ್ಶಕನಾಗಿ ನನ್ನದೊಂದು ತಕರಾರಿದೆ. ಸೋಲು ಖಚಿತವಾದ ಮೇಲೂ ತನ್ನ ಪಡೆಯನ್ನು ಜನ ಕಿಕ್ಕಿರಿದಿದ್ದ ದಕ್ಷಿಣಕ್ಕೆ ಹಿಂತೆಗೆದು ಹೋರಾಟವನ್ನು ಬೆಳೆಸಿದ ಸೇನಾಪತಿ ಉಶಿಜಿಮಾನ ಹೆಸರೂ ಅದೇ ಅಂಗಳದಲ್ಲಿದೆ. ಅವನ ಸೈನಿಕರು ಗುಹೆಗಳಿಂದ ಹೊರದಬ್ಬಿದವರ ಹೆಸರೂ ಇದೆ. ತಮ್ಮವರ ಹೆಸರನ್ನು ಕೆತ್ತಬೇಡಿ ಎಂದ ಕೊರಿಯನ್ ಕುಟುಂಬಗಳಿವೆ. ಸಾವಿನಲ್ಲಿ ಎಲ್ಲರೂ ಸಮರೆಂದು ಪಟ್ಟಿ ಹೇಳುತ್ತದೆ. ಯಾರು ನೀರು ಕೊಟ್ಟರು, ಯಾರು ಕುಡಿದರು ಎಂದು ಹೇಳುವುದು ಪಟ್ಟಿಗೆ ಸಾಧ್ಯವಿಲ್ಲ. ಅದು ಕಥೆಗಾರನ ಕೆಲಸ.

ಆ ಕೆಲಸವನ್ನು ಮಾಡಿದವರು ಮೆದೊರುಮಾ ಶುನ್. 1997ರಲ್ಲಿ ಜಪಾನಿನ ಅಕುತಗಾವಾ ಪ್ರಶಸ್ತಿ ಪಡೆದ ಅವರ 'ಹನಿಗಳು' ಎಂಬ ಕಥೆಯನ್ನು ನಾನು ಇಂಗ್ಲಿಷ್ ಅನುವಾದದಲ್ಲಿ ಓದಿದ್ದೇನೆ. ಟೊಕುಶೋ ಎಂಬ ಮುದುಕನ ಕಾಲು ಇದ್ದಕ್ಕಿದ್ದಂತೆ ಸೋರೆಕಾಯಿಯಂತೆ ಬಾತು, ಹೆಬ್ಬೆರಳಿನಿಂದ ನೀರು ತೊಟ್ಟಿಕ್ಕತೊಡಗುತ್ತದೆ. ರಾತ್ರಿಯಾದರೆ ಯುದ್ಧದಲ್ಲಿ ಸತ್ತ ಸೈನಿಕರು ಸಾಲಾಗಿ ಬಂದು ಆ ನೀರನ್ನು ಕುಡಿಯುತ್ತಾರೆ. ಅವರಲ್ಲಿ ಇಶಿಮಿನೆಯೂ ಒಬ್ಬ. ಗಾಯಗೊಂಡ ಈ ಗೆಳೆಯನಿಗೆ ಸೇರಬೇಕಾಗಿದ್ದ ನೀರನ್ನು ತಾನೇ ಕುಡಿದು, ಅವನನ್ನು ಬಿಟ್ಟು ಟೊಕುಶೋ ಓಡಿಬಂದಿದ್ದ. ಇದನ್ನು ಅವನು ಯಾರಿಗೂ ಹೇಳಿಲ್ಲ. ಬದಲಿಗೆ ಪ್ರತಿ ಜೂನ್‌ನಲ್ಲಿ ಶಾಲೆಗಳಿಗೆ ಹೋಗಿ, ಮಕ್ಕಳಿಗೆ ಹಿಡಿಸುವಂತೆ ಬಣ್ಣ ಹಚ್ಚಿದ ಯುದ್ಧದ ಕಥೆ ಹೇಳಿ ಸಂಭಾವನೆ ತರುತ್ತಾನೆ. ಹೀಗೆ ಸುಳ್ಳು ಹೇಳಿ ದುಡ್ಡು ಮಾಡಿದರೆ ಶಿಕ್ಷೆ ತಪ್ಪದು ಎಂದು ಹೆಂಡತಿ ಉಶಿ ಎಚ್ಚರಿಸಿದ್ದಳು. ಅತ್ತ ಅವನ ದಾಯಾದಿ ಸೆಯ್ಯು ಅದೇ ನೀರನ್ನು ಸಂಜೀವಿನಿಯೆಂದು ಸೀಸೆಯಲ್ಲಿ ತುಂಬಿ ಮಾರುತ್ತಾನೆ.

ಸ್ಮಾರಕ ದಿನಾಚರಣೆಯ ಮೇಲೆ ಇದಕ್ಕಿಂತ ನಿಷ್ಠುರವಾದ ವಿಮರ್ಶೆ ಬೇಕೆ? ನೆನಪು ದಂಧೆಯಾಗುವುದನ್ನೂ ಭಾಷಣವಾಗುವುದನ್ನೂ ಮೆದೊರುಮಾ ಒಂದೇ ಹನಿಯಲ್ಲಿ ಹಿಡಿದಿದ್ದಾರೆ. ಕಲ್ಲಿನಲ್ಲಿ ಇಶಿಮಿನೆ ಒಂದು ಹೆಸರು. ಕಥೆಯಲ್ಲಿ ಅವನು ಬಾಯಾರಿದವನು. ಕಥೆ ಹಾಸ್ಯವನ್ನು ಬಿಟ್ಟುಕೊಡದೆ ಈ ಸಂಕಟವನ್ನು ಹೇಳುವುದರಿಂದಲೇ ಅದಕ್ಕೆ ಘನತೆ ಬಂದಿದೆ.

ಹಾಗಾದರೆ ದ್ವೀಪಕ್ಕೂ ಅದರ ಹೊರಗಿನ ಮಕ್ಕಳಿಗೂ ಬೆಸುಗೆ ಹಾಕಿದ್ದು ಯಾವುದು? ಯುದ್ಧದಲ್ಲಿ ಹವಾಯಿಯವರು ಇದ್ದದ್ದು ಎದುರು ಪಕ್ಷದಲ್ಲಿ. ಹವಾಯಿಯಲ್ಲಿ ಹುಟ್ಟಿ, ಓಕಿನಾವಾದಲ್ಲಿ ಬೆಳೆದು, ಮತ್ತೆ ಹವಾಯಿಗೆ ಮರಳಿದ್ದ ತಕೆಜಿರೊ ಹಿಗಾ ಅಮೆರಿಕದ ಸೈನ್ಯದ ದುಭಾಷಿಯಾಗಿ 1945ರಲ್ಲಿ ಅಲ್ಲಿಗೆ ಬಂದರು. ಗುಹೆಗಳ ಬಾಯಲ್ಲಿ ನಿಂತು, ಹೊರಗೆ ಬನ್ನಿ, ನಿಮ್ಮನ್ನು ಕೊಲ್ಲುವುದಿಲ್ಲ ಎಂದು ದ್ವೀಪದ ಭಾಷೆಯಲ್ಲೇ ಕೂಗಿ ಕರೆದರು. ಅದೇ ಏಪ್ರಿಲ್‌ನಲ್ಲಿ ಜಪಾನೀ ಸೈನ್ಯ, ಓಕಿನಾವಾದ ಭಾಷೆಯಲ್ಲಿ ಮಾತಾಡಿದವರನ್ನು ಗೂಢಚಾರರೆಂದು ಬಗೆದು ದಂಡಿಸಬೇಕೆಂಬ ಆಜ್ಞೆ ಹೊರಡಿಸಿತ್ತು. ತನ್ನವರೆಂದುಕೊಂಡವರ ಬಾಯಲ್ಲಿ ಅಪರಾಧವಾದ ಮಾತು ಶತ್ರುವಿನ ಸಮವಸ್ತ್ರ ತೊಟ್ಟವನ ಬಾಯಲ್ಲಿ ಜೀವದಾನವಾಯಿತು.

ಮೂರು ವರ್ಷಗಳ ಬಳಿಕ ಕೊಡುಗೆ ಬಂತು. ಓಕಿನಾವಾದ ಊಟದಲ್ಲಿ ಹಂದಿಗೆ ದೊಡ್ಡ ಸ್ಥಾನ. ಯುದ್ಧ ಹಂದಿಗಳನ್ನೂ ಹೆಚ್ಚುಕಡಿಮೆ ಅಳಿಸಿಹಾಕಿತ್ತು. ಹವಾಯಿಯ ಓಕಿನಾವಾದವರು ಹಣ ಕೂಡಿಸಿ 550 ಹಂದಿಗಳನ್ನು ಕೊಂಡರು. ಏಳು ಮಂದಿ ಅವುಗಳ ಜೊತೆಗೆ ಹಡಗೇರಿ, ಪೋರ್ಟ್‌ಲ್ಯಾಂಡಿನಿಂದ ಹೊರಟು, ಬಿರುಗಾಳಿ ದಾಟಿ 1948ರ ಸೆಪ್ಟೆಂಬರಿನಲ್ಲಿ ದ್ವೀಪ ಮುಟ್ಟಿದರು. ಹವಾಯಿಯಲ್ಲಿ ಬೇರೆ ಜಪಾನೀಯರು ಇವರನ್ನು ಹಂದಿ ಸಾಕುವವರೆಂದೇ ಹಂಗಿಸುತ್ತಿದ್ದರು ಎಂಬುದನ್ನು ನೆನೆದರೆ ಕೊಡುಗೆಯ ಅರ್ಥ ಇನ್ನೂ ಆಳವಾಗುತ್ತದೆ. ಬೈಗುಳವೇ ಬಳುವಳಿಯಾಯಿತು. ಊರಿಗಾಗಿ ದುಡಿದ ಆ ಗುಂಪುಗಳೇ 1951ರಲ್ಲಿ ಒಂದು ಒಕ್ಕೂಟವಾದವು. ಈ ಕಥೆ ಸಂಗೀತ ನಾಟಕವಾಗಿ ಎರಡೂ ದಡಗಳಲ್ಲಿ ಆಡಲ್ಪಟ್ಟಿದೆ.

1990ರಿಂದ ಕೆಲವು ವರ್ಷಗಳಿಗೊಮ್ಮೆ ಜಗತ್ತಿನ ಓಕಿನಾವಾದವರೆಲ್ಲ ದ್ವೀಪದಲ್ಲಿ ನೆರೆಯುವ ಉತ್ಸವ ನಡೆಯುತ್ತಿದೆ. ಏಳನೆಯದು 2022ರಲ್ಲಿ ನಡೆಯಿತು. ಹಾಡು, ಕುಣಿತ, ಮೆರವಣಿಗೆ ಎಲ್ಲವೂ ಉಂಟು. ಆದರೆ ಬಂದವರು ಆಡುವುದು ಪೋರ್ಚುಗೀಸ್, ಸ್ಪ್ಯಾನಿಷ್, ಇಂಗ್ಲಿಷ್. ಬರಮಾಡಿಕೊಳ್ಳುವ ಮಕ್ಕಳದು ಜಪಾನೀ ಭಾಷೆ. ಗುಹೆಯಿಂದ ಜನರನ್ನು ಹೊರಗೆ ಕರೆದ ಆ ಮಾತನ್ನು ಯುನೆಸ್ಕೋ 2009ರಲ್ಲಿ ಅಳಿವಿನಂಚಿನ ಭಾಷೆಗಳ ಸಾಲಿಗೆ ಸೇರಿಸಿತು. ಉತ್ಸವ ಬೆಳೆಯುತ್ತಿರುವಾಗ ಭಾಷೆ ಕುಗ್ಗುತ್ತಿರುವುದು ನನ್ನನ್ನು ಕಳವಳಗೊಳಿಸುತ್ತದೆ. ಮಂಜೇಶ್ವರವನ್ನು ಮಂಜೇಶ್ವರಂ ಎಂದೂ ಕುಂಬಳೆಯನ್ನು ಕುಂಬಳ ಎಂದೂ ಬರೆದ ಹಲಗೆಗಳ ಕೆಳಗೆ ಬಸ್ಸು ಕಾಯುವ ನಮಗೆ ಇದು ದೂರದ ಸಂಗತಿಯಲ್ಲ. ನೆರೆಯ ಭಾಷೆಯ ಮೇಲಿನ ದೂರೂ ಅಲ್ಲ; ನಮ್ಮ ಬಾಯಿಯ ಬಗ್ಗೆ ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ.

2022ರಿಂದ ಓಕಿನಾವಾದಲ್ಲಿ ಇನ್ನೊಂದು ರೂಢಿ ಶುರುವಾಗಿದೆ. ಜೂನ್ 23ಕ್ಕೆ ಮುಂಚಿನ ದಿನಗಳಲ್ಲಿ ತಳಗಲ್ಲಿನ ಅಷ್ಟೂ ಹೆಸರುಗಳನ್ನು ಜನ ಸರದಿಯಂತೆ ಗಟ್ಟಿಯಾಗಿ ಓದುತ್ತಾರೆ. ದೂರದವರೂ ಅಂತರ್ಜಾಲದ ಮೂಲಕ ಸೇರಬಹುದು. ನನಗೆ ಕಲ್ಲಿಗಿಂತ ಈ ಓದು ಮುಖ್ಯವೆನಿಸುತ್ತದೆ. ಜಪಾನೀ ಓದಿನಲ್ಲಿ 'ಹಿಗಾ' ಆಗುವ ಹೆಸರು ಓಕಿನಾವಾದ ಬಾಯಲ್ಲಿ 'ಫಿಜಾ'. ಕೆತ್ತಿದ ಲಿಪಿ ಎರಡಕ್ಕೂ ಒಂದೇ. ಓದುವವನು ಆ ಹೆಸರಿನ ಮುಂದೆ ಒಂದು ಕ್ಷಣ ನಿಂತು, ಸತ್ತವನನ್ನು ಅವನ ತಾಯಿ ಹೇಗೆ ಕರೆಯುತ್ತಿದ್ದಳೆಂದು ಮನೆಯ ಹಿರಿಯರನ್ನು ಕೇಳಬೇಕಾಗುತ್ತದೆ. ಹಾಗೆ ಕೇಳುವವರು ಹವಾಯಿಯಲ್ಲಾಗಲಿ ಬ್ರೆಜಿಲಿನಲ್ಲಾಗಲಿ ಇರುವತನಕ ದ್ವೀಪದ ನಂಟು ಉಳಿಯುತ್ತದೆ.