ಮೂವತ್ತು ಪಟ್ಟು ಸಾಕು
ಟೆಲಿಸ್ಕೋಪಿನ ದುಡ್ಡೆಲ್ಲ ಮುಂದಿನ ಗಾಜಿಗೆ ಸುರಿದು, ಕಣ್ಣಿಡುವ ಐಪೀಸನ್ನು ಕಡೆಗಣಿಸುವವರೇ ಹೆಚ್ಚು. ಸೊಗಸಿನ ಅರ್ಧ ಪಾಲು ಅದರದು. 480 ಮಿ.ಮೀ. ಸಂಗಮದೂರದ ಟೆಲಿಸ್ಕೋಪಿಗೆ 16 ಮಿ.ಮೀ. ಐಪೀಸು ಹಾಕಿದರೆ ಬಿಂಬ 30 ಪಟ್ಟು ಹಿಗ್ಗುತ್ತದೆ, 8 ಮಿ.ಮೀ. ಹಾಕಿದರೆ 60 ಪಟ್ಟು. ದೊಡ್ಡ ಸಂಖ್ಯೆಗೆ ಮರುಳಾಗಬೇಡಿ. ಪಟ್ಟು ಇಮ್ಮಡಿಯಾದರೆ ಬಿಂಬದ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಹೊತ್ತೇರಿದ ಮೇಲೆ ಬಿಸಿಗಾಳಿಯ ನಡುಕವೂ ಹಿಗ್ಗುತ್ತದೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಹೆಜ್ಜಾರ್ಲೆಗಳನ್ನು ಮನೆಯ ತಾರಸಿಯಿಂದ ನೋಡಲು ನನಗೆ ಅಗಲ ನೋಟದ 30 ಪಟ್ಟಿನದೇ ಇಷ್ಟ. (ಕನ್ನಡಕದವರು ಗಾಜಿನಿಂದ 15 ಮಿ.ಮೀ.ಗಿಂತ ದೂರದಲ್ಲಿ ಕಣ್ಣಿಟ್ಟರೂ ಪೂರ್ತಿ ನೋಟ ಕೊಡುವ ಐಪೀಸನ್ನೇ ಕೊಳ್ಳಲಿ.) ಕೆಳಕೊಕ್ಕಿನ ಚೀಲ, ಮೇಲ್ಕೊಕ್ಕಿನ ಅಂಚಿನ ಚುಕ್ಕೆಗಳ ಸಾಲು ಎಷ್ಟು ಚೆಂದ! ಹಕ್ಕಿ ರೆಕ್ಕೆ ಬಿಚ್ಚಿ ಮೇಲೆದ್ದರೂ ಹಿಂಬಾಲಿಸುವುದು ಸುಲಭ.