ನಾಯಕನ ಜೀಪಿಗೆ ಹಿಂಬಾಗಿಲು ಬೇಕು

ಮಲೆನಾಡಿನ ಕಥೆ ಎಂದರೆ ಸಾಕು, ನಾಯಕನ ಕೈಗೆ ಮಹೀಂದ್ರ ಥಾರ್ ಕೀಲಿ ಕೊಟ್ಟುಬಿಡುವುದು ಈಗ ರೂಢಿಯಾಗಿದೆ. ಆಗುಂಬೆಯ ತಿರುವು, ಒಂದಿಷ್ಟು ಮಂಜು, ಹನಿ ಮಳೆ, ಕಪ್ಪು ಥಾರ್: ಇಷ್ಟಾದರೆ ನಾಯಕನ ಪ್ರವೇಶ ಮುಗಿಯಿತು. ವಾಹನ ವಿಮರ್ಶಕರೂ ಹಳೆಯ ಜೀಪಿನ ಆತ್ಮ ಅದರಲ್ಲಿ ಉಳಿದಿದೆ ಎಂದು ಬರೆದು ಬರೆದು ಈ ರೂಢಿಯನ್ನು ಗಟ್ಟಿಮಾಡಿದ್ದಾರೆ. ಆ ಹೊಗಳಿಕೆ ಅತಿಯಾಯಿತು. ಸಾಗರ, ಹೊಸನಗರ, ತೀರ್ಥಹಳ್ಳಿಯ ನೆಲದಲ್ಲಿ ನಡೆಯುವ ಧಾರಾವಾಹಿಗೆ ಹಳೆ ಚಹರೆಯ ಹೊಸ ವಾಹನವೊಂದನ್ನು ಆರಿಸುವುದಾದರೆ, ಥಾರ್, ಮಾರುತಿ ಜಿಮ್ನಿ, ಫೋರ್ಸ್ ಗೂರ್ಖಾ ಈ ಮೂರರಲ್ಲಿ ಥಾರ್‌ಗೆ ಸಲ್ಲುವುದು ಕೊನೆಯ ಸ್ಥಾನ.

ಹಳೆ ಚಹರೆಯ ಹೊಸ ವಾಹನ ನಾಯಕನಿಗೆ ಒಪ್ಪುತ್ತದೆಯೇ ಎಂಬ ಪ್ರಶ್ನೆ ಅಮೆರಿಕದಲ್ಲಿ ಮೊದಲೇ ಎದ್ದಿತ್ತು. 1982ರಲ್ಲಿ ‘ನೈಟ್ ರೈಡರ್’ ಧಾರಾವಾಹಿ ಶುರುವಾದಾಗ ಅದರ ಮಾತಾಡುವ ಕಾರು ಪಾಂಟಿಯಾಕ್ ಟ್ರಾನ್ಸ್ ಆಮ್. ಆ ವಿನ್ಯಾಸ ಆಗಷ್ಟೇ ಮಾರುಕಟ್ಟೆಗೆ ಬಂದಿತ್ತು. ನೋಡುಗರಿಗೆ ಅದು ನಾಳೆಯ ಕಾರು. 2008ರಲ್ಲಿ ಅದೇ ಕಥೆಯನ್ನು ಮತ್ತೆ ತೆಗೆದಾಗ ಶೆಲ್ಬಿ ಮಸ್ಟಾಂಗ್ ಬಂತು. ಅರವತ್ತರ ದಶಕದ ಗೆರೆಗಳನ್ನು ಮಸ್ಟಾಂಗ್ 2005ರ ಮಾದರಿಯಲ್ಲೇ ಮರಳಿ ತೊಟ್ಟಿತ್ತು. ಆದರೆ ಧಾರಾವಾಹಿ ಒಂದೇ ಸೀಸನ್ನಿಗೆ ನಿಂತಿತು. ಸೋಲಿಗೆ ಕಾರೊಂದೇ ಕಾರಣವಲ್ಲ. ಆದರೂ ಹಳೆಯ ಚಹರೆ ನಾಯಕತ್ವ ತಂದುಕೊಡುವುದಿಲ್ಲ ಎಂಬುದಂತೂ ಅಲ್ಲಿ ಕಂಡಿತು. ನಮ್ಮಲ್ಲೂ ಹಾಗೆಯೇ: ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಪಾದ್ರಿಯ ಬೈಸಿಕಲ್ಲಿಗೆ ಅಷ್ಟು ಕಳೆ ಬಂದದ್ದು ಆ ಕಾಡುದಾರಿಗೆ ಅದು ಹೊಸದಾಗಿದ್ದರಿಂದ. ಹೊಸತನದ ಬಲವಿಲ್ಲದ, ನೆನಪಿನ ಬಲದಲ್ಲೇ ಬರುವ ವಾಹನಕ್ಕೆ ಒಂದು ಹೊಣೆಯಿದೆ: ಹಳೆಯದರ ಮುಖ ಹೊತ್ತದ್ದು ಹಳೆಯದರ ಕೆಲಸವನ್ನೂ ಮಾಡಬೇಕು.

ಆ ಕೆಲಸ ಏನಿತ್ತು? 1940ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಶುರುಮಾಡಿದ ಮಹೀಂದ್ರದ ಎಂಎಂ 540, ಕಮಾಂಡರ್, ಮೇಜರ್‌ಗಳು ನಮ್ಮ ಕಡೆ ಬದುಕಿದ್ದು ಹಿಂಭಾಗದಲ್ಲಿ. ಎದುರುಬದುರು ಎರಡು ಬೆಂಚು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಜಾಗ, ನಡುವೆ ಅಡಿಕೆ ಮೂಟೆ, ಹಿಂದುಗಡೆ ಟಾರ್ಪಾಲಿನ ಪರದೆ. ಅದರಲ್ಲೇ ಮದುವೆ ದಿಬ್ಬಣ ಹೋಗುತ್ತಿತ್ತು. ಕಂಬಳಿ ಹೊದೆಸಿದ ರೋಗಿಯನ್ನು ಬೆಂಚಿನ ಮೇಲೆ ಮಲಗಿಸಿ, ತಲೆಯನ್ನು ಒಬ್ಬರ ತೊಡೆಯ ಮೇಲಿಟ್ಟು ಆಸ್ಪತ್ರೆಗೆ ಒಯ್ಯುತ್ತಿದ್ದರು. ಲಿಂಗನಮಕ್ಕಿ ನೀರು ಸುತ್ತುವರಿದ ತುಮರಿ ಸೀಮೆಯಲ್ಲಿ ಜೀಪು ಲಾಂಚಿನ ದಡ ಮುಟ್ಟುವುದೇ ಒಂದು ಪ್ರಯಾಣವಾಗಿತ್ತು. ನಾಯಕ ಎನ್ನಿಸಿಕೊಳ್ಳುತ್ತಿದ್ದವನು ಸ್ಟೇರಿಂಗ್ ಹಿಡಿದು ಚೆಂದ ಕಂಡವನಲ್ಲ, ಹಿಂದೆ ಕೂತ ಹತ್ತು ಜನರನ್ನು ಘಟ್ಟ ಇಳಿಸಿ ತಂದವನು.

ಈಗ 2020ರ ಅಕ್ಟೋಬರಿನಲ್ಲಿ ಬಂದ ಥಾರ್‌ನ ಹಿಂಭಾಗ ನೋಡಿ. ದುಂಡು ದೀಪ, ಹೊರಗೆ ಕಾಣುವ ಬಾಗಿಲ ಕೀಲು, ಚಪ್ಪಟೆ ಮಡ್ಗಾರ್ಡು, ಬೆನ್ನಿಗೆ ಸ್ಟೆಪ್ನಿ ಎಲ್ಲವೂ ನೆನಪಿನಿಂದ ತಂದದ್ದು. ಆದರೆ ಹಿಂದಿರುವುದು ಎರಡೇ ಸೀಟು. ಅಲ್ಲಿಗೆ ಹೋಗಬೇಕಾದರೆ ಮುಂದಿನ ಸೀಟನ್ನು ಮಡಚಿ, ಬಾಗಿ, ಕಾಲೆಳೆದುಕೊಂಡು ನುಸುಳಬೇಕು. ಸೀರೆಯುಟ್ಟ ಅಜ್ಜಿಯಿಂದ ಅದು ಆಗದ ಕೆಲಸ. ಗಟ್ಟಿ ಮಾಡಿನ ಮಾದರಿಯಲ್ಲಿ ಹಿಂದಿನ ಪಕ್ಕದ ಗಾಜು ತೆರೆಯುವುದಿಲ್ಲ. ದಾರಿಬದಿಯಲ್ಲಿ ಸಿಕ್ಕವರನ್ನು ತಲೆ ಹೊರಹಾಕಿ ಮಾತಾಡಿಸುವ ಹಾಗಿಲ್ಲ. ನಿರ್ದೇಶಕ ಇದನ್ನು ಯೋಚಿಸಬೇಕು. ಧಾರಾವಾಹಿ ನಡೆಯುವುದು ಮಾತಿನ ಮೇಲೆ. ಹಿಂದೆ ಮಾತಾಡುವ ಜನರೇ ಇಲ್ಲದ ಜೀಪಿನಲ್ಲಿ ಕ್ಯಾಮೆರಾಕ್ಕೆ ಉಳಿಯುವುದು ನಾಯಕನ ಕಪ್ಪು ಕನ್ನಡಕ ಮಾತ್ರ.

ಇಲ್ಲಿ ವಿಮರ್ಶಕ ಮಿತ್ರರ ಜೊತೆ ನನ್ನ ಜಗಳವಿದೆ. ಪಕ್ಕಕ್ಕೆ ಮುಖಮಾಡಿದ ಬೆಂಚು ಅಪಘಾತದಲ್ಲಿ ಅಪಾಯ, ಥಾರ್‌ನಲ್ಲಿ ಮೊದಲಿದ್ದ ಆರು ಸೀಟಿನ ಮಾದರಿ ಹೋದದ್ದು ಸರಿಯೇ ಎನ್ನುತ್ತಾರೆ. ಒಪ್ಪಿದೆ. ಹಾಗಿದ್ದರೆ ಜೀಪಿನ ಆತ್ಮ ಉಳಿದಿದೆ ಎಂಬ ಮಾತನ್ನೂ ಅವರು ಹಿಂತೆಗೆದುಕೊಳ್ಳಲಿ. ಬೆಂಚಿನ ಜೊತೆಗೇ ಅದೂ ಹೋಯಿತು. 150 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಸೊಗಸಾಗಿದೆ, ನಿಜ. ಆ ಸೊಗಸು ಹೆದ್ದಾರಿಯದು. 2024ರ ಐದು ಬಾಗಿಲಿನ ಥಾರ್ ರಾಕ್ಸ್ ಆರಾಮದ ಕಾರು, ಅದನ್ನು ಜೀಪೆಂದು ಎಣಿಸುವುದೇ ಕಷ್ಟ. ಇದೇ ಜನ ಜಿಮ್ನಿಗೆ ಶಕ್ತಿ ಸಾಲದೆಂದು ಮೂಗು ಮುರಿದರು. ಬೆಂಗಳೂರಿನ ವರ್ತುಲ ರಸ್ತೆಯ ಅಳತೆಗೋಲು ಅದು. 1645 ಮಿಲಿಮೀಟರ್ ಅಗಲದ ಜಿಮ್ನಿ ತೋಟದ ಅಗಳಿನ ಪಕ್ಕದ ಕಿರುದಾರಿಯಲ್ಲಿ ಸರಾಗವಾಗಿ ಹೋಗುತ್ತದೆ, ಮೈಯೂ ಹಗುರ. ಆದರೆ ಅದು ನಾಲ್ವರ ಸಂಸಾರದ ವಾಹನ, ಊರಿನದಲ್ಲ.

ಗೂರ್ಖಾ ಒರಟು. ಚಹರೆ ಮರ್ಸಿಡಿಸ್ ಜಿ ವ್ಯಾಗನ್ನಿನ ನೆನಪು ತರುತ್ತದೆ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಇದನ್ನು ಮಾಡುವವರು ಹಿಂದೆ ಬಜಾಜ್ ಟೆಂಪೋ ಆಗಿದ್ದವರು. ಹಳ್ಳಿ ಹಳ್ಳಿಗೆ ಜನ ತುಂಬಿಕೊಂಡು ಓಡಿದ ಟ್ರ್ಯಾಕ್ಸ್‌ನ ಮನೆತನ ಇದರದ್ದು. ಕೆಸರಿನಲ್ಲಿ ಒಂದು ಚಕ್ರ ಹುಗಿದು ಬರಿದೇ ತಿರುಗಿದರೆ ಸಾಮಾನ್ಯ ಗಾಡಿಯಲ್ಲಿ ಬಲವೆಲ್ಲ ಆ ಚಕ್ರಕ್ಕೇ ಸೋರಿಹೋಗುತ್ತದೆ. ಗೂರ್ಖಾದಲ್ಲಿ ಮುಂದಿನ, ಹಿಂದಿನ ಎರಡೂ ಆಕ್ಸಲ್‌ಗೆ ಚಾಲಕನೇ ಹಾಕುವ ಡಿಫರೆನ್ಷಿಯಲ್ ಲಾಕ್ ಇದೆ. ಹಿಡಿತ ಸಿಕ್ಕ ಚಕ್ರ ಗಾಡಿಯನ್ನು ಎಳೆದುಕೊಳ್ಳುತ್ತದೆ. ಕಟ್ಟಿನಹೊಳೆಯಿಂದ ಕೊಡಚಾದ್ರಿಗೆ ಹತ್ತುವ ದಾರಿ ಬಲ್ಲವರಿಗೆ ಇದರ ಬೆಲೆ ಗೊತ್ತು. 2024ರ ಐದು ಬಾಗಿಲಿನ ಮಾದರಿಗೆ 140 ಅಶ್ವಶಕ್ತಿಯ ಡೀಸೆಲ್ ಎಂಜಿನ್, ಏಳು ಸೀಟು. ಮೂರನೆಯ ಸಾಲಿಗೆ ಹತ್ತುವುದು ಹಿಂಬಾಗಿಲಿನಿಂದ. ಅದನ್ನು ವಿಮರ್ಶಕರು ಕೊರತೆಯೆಂದು ಬರೆದರು. ಮೂರರಲ್ಲಿ ಹಳೆಯ ಜೀಪಿನಿಂದ ನಿಜವಾಗಿ ಉಳಿದು ಬಂದ ಗುಣ ಅದೊಂದೇ ಎಂದು ನಾನು ಹೇಳುತ್ತೇನೆ.

2025ರ ಜುಲೈ 14ರಂದು ತುಮರಿ ಸೀಮೆಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಇನ್ನು ಯಾವ ಕಾರಾದರೂ ನಡೆಯುತ್ತದಲ್ಲ ಎನ್ನುವವರಿದ್ದಾರೆ. ಸೇತುವೆ ಹೆದ್ದಾರಿಗೆ ಸಂದಿತು. ಹೆದ್ದಾರಿಯಿಂದ ಮನೆ ಮುಟ್ಟುವ ಜಂಬಿಟ್ಟಿಗೆ ಏರು, ಜುಲೈ ಮಳೆಗೆ ಕೊಚ್ಚಿಹೋಗುವ ಮೋರಿ, ಹಳ್ಳ ಎಲ್ಲ ಇದ್ದ ಹಾಗೇ ಇವೆ.

ಮಲೆನಾಡಿನ ಕಥೆ ತೆಗೆಯುವವರಲ್ಲಿ ಕೇಳಿಕೊಳ್ಳುವುದಿಷ್ಟೆ: ನಾಯಕನಿಗೆ ಐದು ಬಾಗಿಲಿನ ಗೂರ್ಖಾ ಕೊಡಿ, ಕ್ಯಾಮೆರಾವನ್ನು ಬಾನೆಟ್ಟಿನ ಮುಂದಿನಿಂದ ತೆಗೆದು ಮೂರನೆಯ ಸಾಲಿನಲ್ಲಿಡಿ, ಅಲ್ಲಿ ಊರಿನವರನ್ನು ಕೂರಿಸಿ.